ಏಳು ರಜಾ ಅರ್ಜಿಗಳು

ಹೋದ ತಿಂಗಳು ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡರು. ಸುದ್ದಿ ಕೇಳಿದ ಕೂಡಲೇ ಕಣ್ಣಿಗೆ ಕಟ್ಟಿದ್ದು ಸೀಮೆಸುಣ್ಣ ಮೆತ್ತಿದ ಅವರ ತೋರುಬೆರಳು. ಬೋರ್ಡಿನ ಮೇಲೆ ತಪ್ಪು ಅಕ್ಷರ ಕಂಡರೆ ಡಸ್ಟರ್ ಹುಡುಕುತ್ತಿರಲಿಲ್ಲ, ಬೆರಳಿನಲ್ಲೇ ಅಳಿಸುತ್ತಿದ್ದರು.

ನಾವು ಎಬಿಸಿಡಿ ಕಲಿತದ್ದೇ ಐದನೇ ಕ್ಲಾಸಿನಲ್ಲಿ, ನಾಲ್ಕು ಗೆರೆ ಕಾಪಿ ಪುಸ್ತಕದಲ್ಲಿ. ಎಂಟನೇ ಕ್ಲಾಸಿಗೆ ಹೈಸ್ಕೂಲಿಗೆ ಬಂದಾಗ 'ಗೋ, ವೆಂಟ್, ಗಾನ್' ಅಂತ ಮಗ್ಗಿ ಥರ ಒಪ್ಪಿಸುತ್ತಿದ್ದೆವು, ಅಷ್ಟೇ. ಅದನ್ನು ಎಲ್ಲಿ ಬಳಸಬೇಕು ಅಂತ ಗೊತ್ತಿರಲಿಲ್ಲ. ಪಾಠಗಳು ಯಾವುವಿದ್ದವೋ, ಈಗ ಒಂದೂ ನೆನಪಿಲ್ಲ.

ನೆನಪಿರುವುದು 1989ರ ಕೊಟ್ಟೂರು ತೇರು. ಹಿಂದಿನ ಬೆಂಚಿನ ನಾವು ಏಳು ಜನ ಮನೆಗೂ ಹೇಳದೆ, ಶಾಲೆಗೂ ಹೇಳದೆ ತೇರಿಗೆ ಹೋಗಿಬಿಟ್ಟೆವು. ಮಾರನೇ ದಿನ ಏಳೂ ಜನ ರಜಾ ಅರ್ಜಿ ಕೊಟ್ಟೆವು, ಏಳರಲ್ಲೂ ಜ್ವರ. ಮೇಷ್ಟ್ರು ಅವನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಏಳರಲ್ಲೂ ಫೀವರ್‌ಗೆ 'ಇ' ಬದಲು 'ಐ' ಬಿದ್ದಿತ್ತು. ಒಬ್ಬ ಬರೆದದ್ದನ್ನು ಉಳಿದವರು ನಕಲು ಮಾಡಿದ್ದೆವಲ್ವಾ!

ಕೋಲು ಬೀಳುತ್ತದೆ ಅಂತ ಕೈ ಚಾಚಿಯೇ ನಿಂತಿದ್ದೆ. ಅವರು ಹೇಳಿದ್ದು ಒಂದೇ ಮಾತು, "ನಿಜ ಬರೀರೋ, ಇಂಗ್ಲಿಷಿನಲ್ಲಿ ಬರೀರಿ."

ಕೂತೆವು. ಐ ವೆಂಟ್ ಟು ಕೊಟ್ಟೂರು. ಐ ಸಾ ದಿ ತೇರು. ಐ ಏಟ್ ಮಂಡಕ್ಕಿ. ತೇರಿಗೆ ಬಾಳೆಹಣ್ಣು ಎಸೆದದ್ದನ್ನು ಬರೆಯೋಣ ಅಂದರೆ ಎಸೆದೆ ಅನ್ನೋದಕ್ಕೆ ಶಬ್ದವೇ ಬಾಯಿಗೆ ಬರಲಿಲ್ಲ. ಮೇಷ್ಟ್ರು ಪಕ್ಕಕ್ಕೆ ಬಂದು ನನ್ನ ಹಾಳೆಯ ಅಂಚಿನಲ್ಲಿ 'ಥ್ರೋ, ಥ್ರೂ, ಥ್ರೋನ್' ಅಂತ ಬರೆದರು. ಮಂಡಕ್ಕಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು ಸಾರ್ ಅಂದೆ. "ಮಂಡಕ್ಕಿ ಅಂತಲೇ ಬರಿ, ತಿಂದವನು ನೀನು" ಅಂದರು. ಆಗಿಹೋದದ್ದನ್ನು ಹೇಳುವುದು ಹೇಗೆ ಅನ್ನುವುದು ಅವತ್ತು ನನಗೆ ಸರಿಯಾಗಿ ತಲೆಗೆ ಹೋಯಿತು. ಆಮೇಲೆ ಯಾವತ್ತೂ ಮರೆತಿಲ್ಲ.

26 ವರ್ಷದಿಂದ ಬ್ಯಾಂಕಿನಲ್ಲಿದ್ದೇನೆ. ಹೆಡ್ ಆಫೀಸಿಗೆ ಮುಖ್ಯವಾದ ಪತ್ರ ಹೋಗಬೇಕಾದರೆ ಇವತ್ತಿಗೂ ನನ್ನನ್ನೇ ಕರೆಯುತ್ತಾರೆ, ಕಾನ್ವೆಂಟಿನಲ್ಲಿ ಓದಿದವರೂ ನನ್ನ ಹತ್ತಿರ ತಿದ್ದಿಸಿಕೊಂಡು ಹೋಗುತ್ತಾರೆ. ಹಳ್ಳಿಯ ಕನ್ನಡ ಮೀಡಿಯಂ ಹುಡುಗನಿಗೆ ಇದು ಕಡಿಮೆ ಮಾತಲ್ಲ.

2007ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದಿದೆ. ಒಳ್ಳೆಯದೇ ಆಯಿತು. ಆದರೆ ಎಂಟನೇ ಕ್ಲಾಸಿನ ನನ್ನ ತಂಗಿಯ ಮಗನಿಗೆ, ನಿನ್ನೆ ಏನು ಮಾಡಿದೆ ನಾಲ್ಕು ಸಾಲು ಬರಿ ಅಂದರೆ, ಗೈಡಿನಲ್ಲಿ ಇದ್ಯಾ ಮಾಮ ಅಂತ ಕೇಳುತ್ತಾನೆ. ತಪ್ಪು ಅವನದಲ್ಲ. ಅವನನ್ನು ಯಾರೂ ಅದನ್ನು ಕೇಳಿಯೇ ಇಲ್ಲ.

ಮೇಷ್ಟ್ರ ಮಣ್ಣಿಗೆ ಹೋಗಲು ರಜೆ ಬೇಕಿತ್ತು. ನಮ್ಮಲ್ಲಿ ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದೆ. ಆದರೂ ಒಂದು ಬಿಳಿ ಹಾಳೆ ತೆಗೆದುಕೊಂಡು ಕೈಯಲ್ಲೇ ಅರ್ಜಿ ಬರೆದು ಮ್ಯಾನೇಜರ್ ಮುಂದೆ ಇಟ್ಟೆ. ಕಾರಣ ನಿಜವನ್ನೇ ಬರೆದಿದ್ದೆ.