ಸಾಬೀತಾಗುವ ಮೊದಲೇ ಹೆಸರು ಹೇಳೋದು ಸರಿನಾ?

ಹಿಂಜೇವಾಡಿಯ ಐಟಿ ಕಂಪನಿಯೊಂದರಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯಲ್ಲಿ ನಾನಿದ್ದೇನೆ. ಅದು ಗೊತ್ತಾದರೆ ಸಾಕು, ಪುಣೆಯ ಕನ್ನಡ ಗೆಳೆಯರು ಕೇಳುವುದು ಒಂದೇ. "ಸಮಿತಿ ಇದೆಯಲ್ಲ ಅಕ್ಕಾ, ಆರೋಪ ಸಾಬೀತಾಗೋ ಮೊದಲೇ ಒಬ್ಬರನ್ನು ಎಲ್ಲರೆದುರು ಬೈಯೋದು ಸರಿನಾ?"

ಸಮಿತಿ ನೆಟ್ಟಗೆ ಕೆಲಸ ಮಾಡಿದರೆ ಯಾರೂ ಸುಮ್ನೆ ಬೀದಿಗೆ ಬರುವುದಿಲ್ಲ. ಊಬರ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದು, ಅಲ್ಲಿ ತನಗಾದ ಕಿರುಕುಳದ ಬಗ್ಗೆ 2017ರಲ್ಲಿ ಬರೆದ ಸೂಸನ್ ಫೌಲರ್, ಮ್ಯಾನೇಜರ್ ಕಳಿಸಿದ ಮೆಸೇಜುಗಳ ಸ್ಕ್ರೀನ್‌ಶಾಟ್ ಹಿಡಿದು ಮೊದಲು ಹೋದದ್ದು ಎಚ್‌ಆರ್ ಹತ್ತಿರವೇ. ಅವನು ಚೆನ್ನಾಗಿ ಕೆಲಸ ಮಾಡುವವನು, ಇದು ಮೊದಲ ತಪ್ಪು ಅಂದರಂತೆ. ಆಮೇಲೆ ನೋಡಿದರೆ ಬೇರೆ ಹೆಂಗಸರೂ ಅವನ ಮೇಲೆ ದೂರು ಕೊಟ್ಟಿದ್ದರು! ಅವರು ಬರೆದ ಮೇಲೆ ವಿಚಾರಣೆ ನಡೆದು, 20ಕ್ಕೂ ಜಾಸ್ತಿ ಜನರ ಕೆಲಸ ಹೋಯಿತು.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ನಮ್ಮ 2013ರ ಕಾನೂನಿನ ಪ್ರಕಾರ ದೂರು, ಹೆಸರು, ವಿಚಾರಣೆ ಯಾವುದೂ ಹೊರಗೆ ಹೋಗಬಾರದು. ದೂರು ಕೊಟ್ಟವಳ ರಕ್ಷಣೆಗೆ ಆ ಗುಟ್ಟು ಬೇಕು, ನಾನೂ ಪಾಲಿಸುತ್ತೇನೆ. ಆದರೆ ಕೆಲವು ಕಡೆ ಅದರ ಲಾಭ ಸಿಗುವುದು ಕಿರುಕುಳ ಕೊಟ್ಟವನಿಗೆ. ರಾಜೀನಾಮೆ ಬರೆಸಿಕೊಂಡು, ರಿಲೀವಿಂಗ್ ಲೆಟರ್ ಕೈಗಿಟ್ಟು ಕಳಿಸುತ್ತಾರೆ, ಅವನು ಪುಣೆಯದೇ ಖರಾಡಿಯಲ್ಲೋ ಬೆಂಗಳೂರಿನಲ್ಲೋ ಇನ್ನೊಂದು ಟೀಮಿಗೆ ಬಾಸ್ ಆಗುತ್ತಾನೆ. ಅಲ್ಲಿಯ ಹುಡುಗಿಯರಿಗೆ ಯಾರು ಹೇಳಬೇಕು?

ಅದಕ್ಕೇ, ಅನುಭವಿಸಿದವಳು ಮಾತಾಡಿದರೆ ಬಾಯಿ ಮುಚ್ಚಿಸಬೇಡಿ. ತನಗೆ ಕಿರುಕುಳ ಆಯಿತೆಂದು ಸಂಪಾದಕರೊಬ್ಬರ ಹೆಸರು ಹೇಳಿದ ಪತ್ರಕರ್ತೆ ಪ್ರಿಯಾ ರಮಾನಿ ಅವರನ್ನು ಮಾನನಷ್ಟ ಕೇಸಿನಿಂದ ಖುಲಾಸೆ ಮಾಡಿದ ದೆಹಲಿ ಕೋರ್ಟು 2021ರಲ್ಲಿ ಇದನ್ನೇ ಹೇಳಿತು: ಹೆಣ್ಣು ತನ್ನ ದೂರನ್ನು ತಾನು ಆರಿಸಿದ ವೇದಿಕೆಯಲ್ಲಿ, ದಶಕಗಳ ನಂತರವೂ ಹೇಳಬಹುದು.

ನೋಡುವವರಾದ ನಮಗೆ ಮಾತ್ರ ಅಷ್ಟು ಸಲಿಗೆ ಇಲ್ಲ. ಆಕೆ ಹೇಳಿದ್ದಕ್ಕೆ ಉಪ್ಪುಖಾರ ಹಚ್ಚಬೇಡಿ. ಅವನ ಹೆಂಡತಿ ಮಕ್ಕಳ ಫೋಟೋ ಎಳೆದು ತರಬೇಡಿ. ದೂರು ಬಂದಾಗ ಕಂಪನಿ ಏನು ಮಾಡಿತು ಅಂತ ಕೇಳಿ, ಜೋರಾಗಿಯೇ ಕೇಳಿ.

ಆರೋಪ ಹೊತ್ತವರಿಗೂ ನ್ಯಾಯ ಬೇಕಲ್ವಾ? ಬೇಕೇ ಬೇಕು. ಗೋವಾ ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ ಸಮಿತಿ ಗಡಿಬಿಡಿ ಮಾಡಿ ಅಧ್ಯಾಪಕರಿಗೆ ಸರಿಯಾಗಿ ಅವಕಾಶ ಕೊಟ್ಟಿರಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿ ವಿಚಾರಣೆ ಮತ್ತೆ ನಡೆಸಿ ಅಂದಿತು. ದೂರು ಬಂದದ್ದು 2009ರಲ್ಲಿ! ಆ ಅವಸರದಿಂದ ದೂರು ಕೊಟ್ಟವರಿಗೂ ಅನ್ಯಾಯವೇ ಆಯಿತು.

ನಿಮ್ಮ ಟೀಮಿನಲ್ಲಿ ಯಾರಾದರೂ ಬಂದು ಹೇಳಿಕೊಂಡರೆ, ಸಾಕ್ಷಿ ಎಲ್ಲಿ ಅಂತ ಕೇಳುವ ಬದಲು ದೂರು ಬರೆಯಲು ಜೊತೆಗೆ ಕೂತುಕೊಳ್ಳಿ. ಘಟನೆಯಾಗಿ 3 ತಿಂಗಳೊಳಗೆ ಕೊಡಬೇಕು. ತಡವಾದದ್ದಕ್ಕೆ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು.