ಹೊಳೆ ಬಂದರೆ ಮೇಲೆ ಮಳೆಯೇ?

ಕಂಪ್ಲಿ ಸೇತುವೆ ಮುಳುಗಿದಾಗ ದಂಡೆಯಲ್ಲಿ ಕೇಳಿಬರುವ ಮಾತು: ‘ಹೊಳಿ ಬಂದೈತಿ, ಮ್ಯಾಲೆ ಮಳಿ ಜೋರಾಗೇತಿ.’ ಕಾರ್ಯ ಕಂಡು ಕಾರಣ ಊಹಿಸುವ ಇದಕ್ಕೆ ತರ್ಕದ ಶಾಸ್ತ್ರವಾದ ನ್ಯಾಯಶಾಸ್ತ್ರದಲ್ಲಿ ಶೇಷವತ್ ಅನುಮಾನ ಎಂದು ಹೆಸರು. ಅನುಮಾನ ಎಂದರೆ ಇಲ್ಲಿ ಸಂಶಯವಲ್ಲ, ಗುರುತು ಹಿಡಿದು ಮಾಡುವ ಊಹೆ. ಈ ಶಾಸ್ತ್ರದ ಮೂಲಗ್ರಂಥ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಕೊಡುವ ಉದಾಹರಣೆಯೂ ತುಂಬಿದ ನದಿಯೇ. ಗುಡ್ಡದಲ್ಲಿ ಹೊಗೆ ಕಂಡು ಬೆಂಕಿ ಇದೆ ಎನ್ನುವ ಉದಾಹರಣೆ ಪಾಠ ಹೇಳಿ ಹೇಳಿ ಸವೆದಿದೆ. ತುಂಗಭದ್ರೆಯ ಕಡೆಯವರಿಗೆ ನದಿಯದೇ ಮೇಲು, ಏಕೆಂದರೆ ಅದು ಕೈಕೊಡುತ್ತದೆ.

2024ರ ಆಗಸ್ಟ್ 10ರ ರಾತ್ರಿ ಕೈಕೊಟ್ಟಿತು. ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಕೆಳಗೆ ಹೊಳೆ ತುಂಬಿದ್ದು ಕಬ್ಬಿಣದ ಕೊಂಡಿ ಕಳಚಿದ್ದರಿಂದ. ಆ ನೀರೂ ಎಂದೋ ಸುರಿದ ಮಳೆಯದೇ ತಾನೆ ಎನ್ನಬಹುದು. ಆದರೆ ಆಗ ಸಾಧ್ಯವೇ, ಅಂದರೆ ಸಾಧಿಸಹೊರಟ ಸಂಗತಿಯೇ, ಬದಲಾಯಿತು. ‘ಈಗ ಮಳೆಯಾಗಿದೆ’ ಎಂದು ಹೊರಟು ‘ಎಂದೋ ಆಗಿತ್ತು’ ಎಂದು ಮುಗಿಸುವುದು ವಾದವಲ್ಲ.

ಹೇತು, ಅಂದರೆ ಊಹೆಗೆ ಆಧಾರವಾದ ಗುರುತು, ಇದೆ, ಸಾಧ್ಯ ಇಲ್ಲ: ಈ ದೋಷ ಸವ್ಯಭಿಚಾರ. ನ್ಯಾಯಸೂತ್ರದ 2ನೇ ಅಧ್ಯಾಯದಲ್ಲೇ ಈ ಆಕ್ಷೇಪ ಇದೆ. ನದಿ ಏರಿದರೆ ಮಳೆಯಾಗಿದೆ, ಇರುವೆ ಮೊಟ್ಟೆ ಹೊತ್ತರೆ ಮಳೆ ಬರುತ್ತದೆ, ಕೂಗು ಕೇಳಿದರೆ ನವಿಲಿದೆ ಎನ್ನುತ್ತೀರಿ; ಆದರೆ ಅಡ್ಡಗಟ್ಟಿದರೂ ನದಿ ಏರುತ್ತದೆ, ಗೂಡು ಕೆಟ್ಟರೂ ಇರುವೆ ಮೊಟ್ಟೆ ಹೊರುತ್ತದೆ, ನವಿಲಿನ ಕೂಗನ್ನು ಮನುಷ್ಯನೂ ಕೂಗಬಲ್ಲ. ಹಾಗಾಗಿ ಅನುಮಾನ ಪ್ರಮಾಣವೇ, ಅಂದರೆ ಸರಿಯಾದ ಅರಿವಿನ ಸಾಧನವೇ, ಅಲ್ಲ ಎಂದು. ಉತ್ತರವೂ ಅಲ್ಲೇ ಇದೆ: ತಪ್ಪು ಅನುಮಾನದ್ದಲ್ಲ, ಹೇತುವನ್ನು ಅರೆಬರೆ ನೋಡಿದವನದು. ಬರೀ ‘ನೀರೇರಿದೆ’ ಸಾಲದು. ಸೆಳೆತ, ನೊರೆ, ತೇಲಿಬರುವ ಎಲೆ, ಹಣ್ಣು, ಕಟ್ಟಿಗೆ ಎಲ್ಲ ಸೇರಿದರೆ ಹೇತು.

ಅಣೆಕಟ್ಟೆಯ ಕೆಳಗೆ ಈ ಗುರುತೂ ಸಾಲದು. ತಡೆದರೂ ಏರುತ್ತದೆ, ತಡೆದದ್ದನ್ನು ಬಿಟ್ಟರೂ ಏರುತ್ತದೆ. ಇಲ್ಲಿ ಹೇತುವನ್ನು ಜಲಾಶಯದ ಮೇಲ್ಗಡೆ ಹುಡುಕಬೇಕು, ಅಂದರೆ ಒಳಹರಿವಿನ ಲೆಕ್ಕದಲ್ಲಿ. ಹೇತು ಪಕ್ಷದಲ್ಲೇ, ಅಂದರೆ ಸಾಧ್ಯ ಇದೆ ಎಂದು ಸಾಧಿಸುವ ಜಾಗದಲ್ಲೇ, ಇರಬೇಕೆಂದು ನ್ಯಾಯಶಾಸ್ತ್ರದವರಾದ ನೈಯಾಯಿಕರ ಹಟ. ದ್ವೈತ ಪರಂಪರೆಯ ಜಯತೀರ್ಥರು ಒಪ್ಪುವುದಿಲ್ಲ, ಹೇತು ಉಚಿತ ಜಾಗದಲ್ಲಿದ್ದರೆ ಸಾಕು ಎನ್ನುತ್ತಾರೆ. ಪ್ರವಾಹ ಕೆಳಗೆ, ಮಳೆ ಮೇಲೆ. ನನಗೆ ಇದೇ ಸರಿ ಕಾಣುತ್ತದೆ. ಅದೇ ಪರಂಪರೆಯಲ್ಲಿ ‘ತರ್ಕತಾಂಡವ’ ಬರೆದ ವ್ಯಾಸತೀರ್ಥರ ವೃಂದಾವನ (ಸಮಾಧಿ) ಆನೆಗೊಂದಿಯ ನಡುಗಡ್ಡೆಯಲ್ಲಿದೆ. ಹೊಳೆ ಬಂದರೆ ಅದೂ ನೀರಲ್ಲಿ.

ಒಳಹರಿವಾದರೂ ಪಕ್ಕಾ ಹೇತುವೇ? ಮೇಲಿರುವ ಭದ್ರಾ ಡ್ಯಾಮಿನಿಂದ ನದಿಗೆ ನೀರು ಬಿಟ್ಟರೂ ಒಳಹರಿವು ಏರುತ್ತದೆ. ‘ಮೇಲಿನ ಡ್ಯಾಂಗಳು ಬಿಟ್ಟಿಲ್ಲ’ ಎಂದು ಸೇರಿಸಿ. ಆಮೇಲೆ ಇನ್ನೊಂದು, ಮತ್ತೊಂದು. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಚಾರ್ವಾಕ ಹಿಡಿಯುವುದು ಇಲ್ಲೇ: ಕಾಣದ ಉಪಾಧಿ (ಒಳಗೆ ಅಡಗಿದ ಷರತ್ತು) ಇಲ್ಲವೆಂದು ಹೇಗೆ ಹೇಳುತ್ತೀರಿ, ವ್ಯಾಪ್ತಿ (ಹೇತು ಇದ್ದಲ್ಲೆಲ್ಲ ಸಾಧ್ಯವೂ ಇದೆ ಎಂಬ ನಿಯಮ) ಎಂದಿಗೂ ಸಿದ್ಧವಾಗದು. ಯುರೋಪಿನಲ್ಲಿ ತತ್ತ್ವಜ್ಞಾನಿ ಹ್ಯೂಮ್ 18ನೇ ಶತಮಾನದಲ್ಲಿ ಎತ್ತಿದ್ದೂ ಹೆಚ್ಚುಕಡಿಮೆ ಇದೇ ತಕರಾರು. ನೈಯಾಯಿಕ ಉದಯನನ ಉತ್ತರ ಗಟ್ಟಿ: ಶಂಕೆಗೆ ಎಲ್ಲೆ ವ್ಯಾಘಾತ, ಅಂದರೆ ತನಗೆ ತಾನೇ ವಿರೋಧವಾಗುವುದು. ಬೆಂಕಿಯಿಂದ ಹೊಗೆ ಬರುತ್ತದೋ ಇಲ್ಲವೋ ಎನ್ನುವವನೂ ಹೊಗೆ ಬೇಕಾದಾಗ ಬೆಂಕಿಯನ್ನೇ ಹಚ್ಚುತ್ತಾನೆ. ನಡೆಯೇ ನುಡಿಗೆ ಅಡ್ಡ ಬರುವಲ್ಲಿ ಶಂಕೆ ನಿಲ್ಲುತ್ತದೆ.

ದಂಡೆಯ ರೈತ ಮಾತ್ರ ಈ ಗೋಜಿಗೇ ಹೋಗುವುದಿಲ್ಲ. ಹೊರಹರಿವು ಎಷ್ಟು ಕ್ಯೂಸೆಕ್ ಎಂದು ಕೇಳಿ ಪಂಪ್‌ಸೆಟ್ ಬಿಚ್ಚಿ ಮೇಲಕ್ಕೆ ಎಳೆಯುತ್ತಾನೆ. ಅದು ಪೂರ್ವವತ್, ಕಾರಣದಿಂದ ಕಾರ್ಯಕ್ಕೆ. ಮಳೆ ಎಲ್ಲಾಯಿತು ಎಂಬುದು ಅವನ ಸಾಧ್ಯವೇ ಅಲ್ಲ.