ಕಸ್ಸಿ ಕಡಲಲ್ಲಿ ಒಂದು ಕಿಲೋಮೀಟರ್: ಈಜಿನ ಡೈರಿ

ಜೂನ್, ಮೊದಲ ಶನಿವಾರ

ಗುರಿಯನ್ನು ಮೊದಲೇ ಬರೆದಿಡುತ್ತೇನೆ, ಆಮೇಲೆ ಮಾತು ತಿರುಗಿಸಬಾರದು. ಸೆಪ್ಟೆಂಬರ್ ಮುಗಿಯುವುದರೊಳಗೆ ಕಡಲಲ್ಲಿ ಎಲ್ಲೂ ಕಾಲೂರದೆ 1 ಕಿಲೋಮೀಟರ್ ಈಜಬೇಕು. ಫ್ರಾನ್ಸಿನ ದಕ್ಷಿಣ ಕರಾವಳಿಯ ಮಾರ್ಸೇಯ ಈಜುಕೊಳದಲ್ಲಿ ಅಷ್ಟು ಈಜುತ್ತೇನೆ. ಕಡಲಲ್ಲಿ ಇನ್ನೂ 200 ಮೀಟರ್ ದಾಟಿಲ್ಲ. ಕುಂದಾಪುರದಲ್ಲಿ ಬೆಳೆದವನು ಅಂದರೆ ಇಲ್ಲಿನ ಗೆಳೆಯರು ನಂಬುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಕಡಲು ಅಂದರೆ ಸಂಜೆ ಕೂತು ನೋಡುವ ಜಾಗ, ಅಷ್ಟೇ. ಈಜು ಕಲಿತದ್ದು ಹೊಳೆಯಲ್ಲಿ.

ಅಭ್ಯಾಸಕ್ಕೆ ಆರಿಸಿಕೊಂಡ ಊರು ಕಸ್ಸಿ. ಬರೆಯುವಾಗ ಕೊನೆಗೊಂದು ಎಸ್ ಇದೆ, ಊರಿನವರು ಅದನ್ನು ನುಂಗಿಬಿಡುತ್ತಾರೆ. ಫೋನಿನಲ್ಲಿ ಅಮ್ಮನಿಗೆ ಅದು ಕಾಶಿ ಅಂತಲೇ ಕೇಳಿಸಿತು. 'ಮುಳುಗು ಹಾಕಿದ್ಯಾ?' ಅಂದರು. ಹಾಕಿದೆ ಅಂದೆ. ಸುಳ್ಳೇನಲ್ಲವಲ್ಲ.

ಮಾರ್ಸೇಯಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದು. ಸ್ಟೇಷನ್ ಮಾತ್ರ ಬಂದರಿನಿಂದ 3 ಕಿಲೋಮೀಟರ್ ದೂರ, ಎತ್ತರದಲ್ಲಿದೆ. ನಡುವೆ ದ್ರಾಕ್ಷಿ ತೋಟಗಳು. ಇಲ್ಲಿನ ಬಿಳಿ ವೈನಿಗೆ 1936ರಲ್ಲೇ ಊರಿನ ಹೆಸರಿನ ಮಾನ್ಯತೆ ಸಿಕ್ಕಿದೆ. ಇಳಿಯುವಾಗ ತೋಟ ಚೆಂದ ಕಾಣುತ್ತದೆ. ಈಜಿ ಸುಸ್ತಾಗಿ ವಾಪಸ್ ಹತ್ತುವಾಗ ಯಾವ ತೋಟವೂ ಚೆಂದವಲ್ಲ.

ಇವತ್ತು ಬಂದರಿನ ಪಕ್ಕದ ಗ್ರಾಂಡ್ ಮೆರ್‌ನಲ್ಲಿ ಇಳಿದೆ. ಊರಿನ ದೊಡ್ಡ ಬೀಚು. ಮರಳಿದೆ, ಸಣ್ಣ ಕಲ್ಲೂ ಇದೆ, ಮಕ್ಕಳು ತುಂಬಿದ್ದಾರೆ. 180 ಮೀಟರ್ ಈಜುವಷ್ಟರಲ್ಲಿ ಎರಡು ಚೆಂಡು, ಒಂದು ಗಾಳಿ ತುಂಬಿದ ಮೊಸಳೆ ಅಡ್ಡ ಬಂದವು. ಇದು ಬೇಡ.

ಜೂನ್, ಮೂರನೇ ಶನಿವಾರ

ಬಂದರಿನ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಬೆಸ್ತುವಾನ್. ಹೆಸರಲ್ಲೇ ಬೆಸ್ತನಿದ್ದಾನೆ ಅಂತ ಒಬ್ಬನೇ ನಕ್ಕೆ. ಇಲ್ಲಿ ಮರಳಿಲ್ಲ, ಪೂರ್ತಿ ನುಣುಪು ಗುಂಡುಕಲ್ಲು. ಬರಿಗಾಲಲ್ಲಿ ಇಳಿಯುವಾಗ ಮರ್ಯಾದೆ ಉಳಿಯುವುದಿಲ್ಲ, ಎಲ್ಲರೂ ಕೋಳಿಯ ಹಾಗೆ ಹೆಜ್ಜೆ ಇಡುತ್ತಾರೆ. ರಬ್ಬರ್ ಚಪ್ಪಲಿ ಕೊಳ್ಳಬೇಕು.

ಇಲ್ಲಿ ಒಂದು ವಿಚಿತ್ರ ಇದೆ. ನೆಲದಡಿಯಲ್ಲಿ ಹರಿದು ಬರುವ ನೀರು ಬೆಸ್ತುವಾನ್‌ನಲ್ಲೂ ಪಕ್ಕದ ಪೋರ್ ಮಿಯುವಿನಲ್ಲೂ ಕಡಲೊಳಗೇ ಹೊರಬೀಳುತ್ತದೆ. ಸುತ್ತಲಿರುವುದೆಲ್ಲ ಸುಣ್ಣಕಲ್ಲು. ಮಳೆನೀರು ಬಿರುಕುಗಳಲ್ಲಿ ಇಳಿದು ಒಳಗೇ ದಾರಿ ಮಾಡಿಕೊಳ್ಳುತ್ತದೆ. ಈ ನೀರಲ್ಲಿ ಉಪ್ಪು ಕಡಿಮೆ, ಹಾಗಾಗಿ ಹಗುರ, ಕಡಲ ಮೇಲೆ ಪದರವಾಗಿ ತೇಲುತ್ತದೆ. ಬೇಸಿಗೆಯಲ್ಲಿ ಎಲ್ಲ ಕಡೆ ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ಅಲ್ವಾ? ಇಲ್ಲಿ ಕೆಲವು ಕಡೆ ತಿರುವುಮುರುವು. ಮುಖ ಐಸ್, ಕಾಲು ಹಾಯಾಗಿದೆ. ಎರಡು ನೀರು ಬೆರೆಯುವಲ್ಲಿ ಕನ್ನಡಕದೊಳಗಿಂದ ನೋಡಿದರೆ ಎಲ್ಲ ಮಸುಕು ಮಸುಕು. ಪಾನಕಕ್ಕೆ ಹಾಕಿದ ಬೆಲ್ಲ ಕರಗುವಾಗ ಲೋಟದಲ್ಲಿ ಕಾಣುವ ಗೆರೆಗಳ ಹಾಗೆ. ನನ್ನ ಕನ್ನಡಕಕ್ಕೇ ಹಬೆ ಹಿಡಿದಿದೆ ಅಂದುಕೊಂಡು ಮೂರು ಸಲ ತೊಳೆದೆ.

ಪೋರ್ ಮಿಯುವಿನಿಂದ ಕುಡಿಯುವ ನೀರು ತೆಗೆಯಬಹುದೇನೋ ಅಂತ 1970ರ ದಶಕದಲ್ಲಿ ನೀರು ಹರಿದು ಬರುವ ಗುಹೆಯೊಳಗೇ ಅಣೆಕಟ್ಟು ಕಟ್ಟಿ ನೋಡಿದರಂತೆ. ನೀರಿನ ಉಪ್ಪು ಹೋಗಲಿಲ್ಲ.

ಈಜಿದ್ದು 310 ಮೀಟರ್.

ಜುಲೈ, ಎರಡನೇ ಭಾನುವಾರ

ಪೂರ್ತಿ ನನ್ನದೇ ತಪ್ಪು. ಪೋರ್ ಮಿಯು ದಾಟಿದರೆ ಪೋರ್ ಪ್ಯಾಂ, ಅದರಾಚೆ ಆಂವೋ. ಇವು ಕಲಾಂಕ್‌ಗಳು, ಅಂದರೆ ಬಂಡೆಗಳ ನಡುವೆ ಕಡಲು ಉದ್ದಕ್ಕೆ ಒಳನುಗ್ಗಿರುವ ಕೊರಕಲುಗಳು. ಇದೆಲ್ಲ 2012ರಲ್ಲಿ ರಾಷ್ಟ್ರೀಯ ಉದ್ಯಾನವಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡ್ಗಿಚ್ಚಿನ ಅಪಾಯ ನೋಡಿ ದಿನದಿನಕ್ಕೆ ದಾರಿ ತೆರೆಯುವುದೋ ಮುಚ್ಚುವುದೋ ಅಂತ ತೀರ್ಮಾನಿಸುತ್ತಾರೆ. ಹಿಂದಿನ ಸಂಜೆಯೇ ತಿಳಿಸಿರುತ್ತಾರೆ. ನಾನು ನೋಡಿರಲಿಲ್ಲ. ಬುತ್ತಿ ಕಟ್ಟಿಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು ದಾರಿಯ ಬಾಯಿಗೆ ಹೋದರೆ ಇವತ್ತು ಬಂದ್. ಚಿತ್ರಾನ್ನವನ್ನು ಪೋರ್ ಮಿಯುವಿನ ದಡದಲ್ಲಿ, ಸಾಲು ದೋಣಿ ನೋಡುತ್ತಾ ತಿಂದೆ. ಅದು ದೋಣಿ ನಿಲ್ಲಿಸುವ ಓಣಿ, ಈಜುವ ಜಾಗವಲ್ಲ. ಲೆಕ್ಕ: ಸೊನ್ನೆ.

ಜುಲೈ, ಕೊನೆಯ ಶನಿವಾರ

ಮೂರು ದಿನ ಮಿಸ್ಟ್ರಲ್ ಬೀಸಿ ನಿಂತಿದೆ. ವಾಯವ್ಯದಿಂದ ಬರುವ ಒಣ ಗಾಳಿ. ಆಕಾಶ ತೊಳೆದಿಟ್ಟ ಹಾಗಿತ್ತು. ಕಡಲಂತೂ ತಳದ ಕಲ್ಲು ಎಣಿಸುವಷ್ಟು ತಿಳಿ. ಇವತ್ತೇ 500 ಅಂದುಕೊಂಡು ಧುಮುಕಿದೆ. ಎದೆ ಹಿಡಿದುಕೊಂಡು ವಾಪಸ್ ಬಂದೆ.

ಥರ್ಮಾಮೀಟರ್ ತೋರಿಸಿದ್ದು 16 ಡಿಗ್ರಿ. ಹಿಂದಿನ ವಾರ 24 ಇತ್ತು. ಕಾರಣ ಆಮೇಲೆ ತಿಳಿಯಿತು. ಗಾಳಿ ಬಿಸಿಲಿಗೆ ಕಾದ ಮೇಲ್ನೀರನ್ನು ದಡದಿಂದ ಆಚೆ ತಳ್ಳಿಕೊಂಡು ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣೀರು ಎದ್ದು ಬರುತ್ತದೆ. ನೀರು ತಿಳಿಯಾಗಿದೆ ಅಂದರೆ ಈಜಲು ಒಳ್ಳೆಯ ದಿನ ಅಂತಲ್ಲ. ಅನುಮಾನ ಪಡಬೇಕಾದ ದಿನ.

ಇನ್ನೊಂದು ಮಾತು. ಮಿಸ್ಟ್ರಲ್ ಬೀಸುವಾಗ ಬೆಸ್ತುವಾನ್ ದಡದಲ್ಲಿ ಅಲೆಯೇ ಇರುವುದಿಲ್ಲ, ಹಿಂದಿನ ಗುಡ್ಡ ಅಡ್ಡ ನಿಂತಿರುತ್ತದೆ. ನೋಡಿದರೆ ಕೆರೆ. ಆದರೆ ಸ್ವಲ್ಪ ಮುಂದೆ ಹೋದರೆ ಗಾಳಿ ಬೆನ್ನಿಗೆ ಸಿಗುತ್ತದೆ. ಹೋಗುವುದು ಸಲೀಸು, ತಿರುಗಿ ಬರುವುದೇ ಕಷ್ಟ. ಕುಂದಾಪುರದಲ್ಲಿ ಅಲೆ ನೋಡಿ ಹೆದರುತ್ತಿದ್ದೆ. ಇಲ್ಲಿ ಅಲೆ ಇಲ್ಲದಿದ್ದರೂ ಹೆದರಬೇಕು. ಇದು ತಲೆಗೆ ಇಳಿಯಲು ಎರಡು ತಿಂಗಳು ಬೇಕಾಯಿತು. ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ತೇಲುಚೀಲ ಕೊಂಡೆ. ಖರ್ಚಿನಲ್ಲಿ ಇದೊಂದಕ್ಕೆ ಬೇಜಾರಿಲ್ಲ.

ಆಗಸ್ಟ್

ಜನ ಜನ ಜನ. ಎರಡೇ ಸಲ ಹೋದೆ. 420, ಆಮೇಲೆ 450.

ಸೆಪ್ಟೆಂಬರ್, ಮೊದಲ ಶನಿವಾರ

ಕೊನೆಗೂ ಆಂವೋ. ಹಿಂದಿನ ಸಂಜೆ ಎರಡು ಸಲ ನೋಡಿಕೊಂಡು ಹೊರಟೆ. ಬಂದರಿನಿಂದ ಒಂದೂವರೆ ಗಂಟೆ ನಡಿಗೆ. ಪೋರ್ ಪ್ಯಾಂವರೆಗೆ ಪೈನ್ ಮರದ ನೆರಳಿದೆ, ಸುಲಭ. ಆಮೇಲೆ ಆಂವೋಗೆ ಇಳಿಯುವ ಕಡಿದಾದ ದಾರಿ. ಸಾವಿರಾರು ಕಾಲು ಉಜ್ಜಿ ಸುಣ್ಣಕಲ್ಲು ಹೊಳೆಯುತ್ತದೆ. ಮಳೆ ಬೀಳದೆಯೂ ಪಾಚಿಗಟ್ಟಿದ ಅಂಗಳದ ಹಾಗೆ ಜಾರುತ್ತದೆ. ಎರಡು ಸಲ ಕೂತುಕೊಂಡೇ ಇಳಿದೆ.

ಕೆಳಗೆ ಎರಡೂ ಕಡೆ ಬಿಳಿ ಗೋಡೆ, ನಡುವೆ ಹಸಿರು ನೀಲಿ ನೀರಿನ ಓಣಿ. ಇದು ಹಿಂದೆ ಒಣ ಕಣಿವೆಯಾಗಿತ್ತು. ಹಿಮಯುಗದಲ್ಲಿ ಕಡಲು 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗಿ ನೀರು ಏರಿದಾಗ ಕಣಿವೆಗಳು ಮುಳುಗಿದವು. ಕಸ್ಸಿಯ ಡೈವರ್ ಆನ್ರಿ ಕೊಸ್ಕೆರ್ ಇದೇ ಕರಾವಳಿಯಲ್ಲಿ, ಮಾರ್ಸೇ ಕಡೆಗೆ, ಒಂದು ಗುಹೆ ಕಂಡುಹಿಡಿದರು. 1991ರಲ್ಲಿ ಅದು ಲೋಕಕ್ಕೆ ಗೊತ್ತಾಯಿತು. ಬಾಗಿಲು ನೀರಿನಡಿ 37 ಮೀಟರಿನಲ್ಲಿದೆ. ಒಳಗೆ ಗೋಡೆಯ ಮೇಲೆ ಕುದುರೆ, ಪೆಂಗ್ವಿನ್‌ನಂತೆ ಕಾಣುವ ಹಕ್ಕಿ, ಜನರ ಕೈಗುರುತು. ಅದನ್ನೆಲ್ಲ ಬರೆದವರು ಅಲ್ಲಿಗೆ ನಡೆದುಕೊಂಡೇ ಹೋಗಿದ್ದರು. ನೀರಿನಲ್ಲಿ ಬೆನ್ನು ಹಾಕಿ ತೇಲುತ್ತಾ ಅದನ್ನೇ ಯೋಚಿಸುತ್ತಿದ್ದೆ, ಈಜು ಮರೆತೇಹೋಯಿತು. 150 ಮೀಟರ್, ಅದೂ ಜಾಸ್ತಿಯೇ ಬರೆದಿರಬೇಕು. ಮತ್ತೆ ಒಂದೂವರೆ ಗಂಟೆ ವಾಪಸ್ ನಡೆಯಬೇಕಿದ್ದರೆ ಯಾರು ತಾನೇ ಕಾಲಿನ ಬಲ ಖರ್ಚು ಮಾಡುತ್ತಾರೆ? ಆಂವೋ ನೋಡುವ ಜಾಗ. ನೆಂಟರು ಬಂದರೆ ಕರೆದುಕೊಂಡು ಹೋಗುತ್ತೇನೆ.

ಸೆಪ್ಟೆಂಬರ್, ಮೂರನೇ ಶನಿವಾರ

ಪೂರ್ವದ ಕಡೆ, ಕೆಂಪು ಬಂಡೆಯ ಕಾಪ್ ಕನೈ ಬೆಟ್ಟದತ್ತ ಅರೆನ್ ಅಂತ ಒಂದು ಸಣ್ಣ ಕಲ್ಲಿನ ದಡ ಇದೆ. ಅಲ್ಲೂ ಒಂದು ಸಲ ಇಳಿದು ನೋಡಿದ್ದೆ. ಜನ ಕಡಿಮೆ, ನನಗೆ ಇಷ್ಟವಾಗಿತ್ತು. ಆದರೆ ಒಬ್ಬನೇ ಈಜುವವನಿಗೆ ದಡದಲ್ಲಿ ನಾಲ್ಕು ಜನ ಇರುವುದೇ ಒಳ್ಳೆಯದು. ಹಾಗಾಗಿ ತೀರ್ಮಾನ: ಬೆಸ್ತುವಾನ್. ಗಾಳಿ ಇಲ್ಲದ ಬೆಳಗ್ಗೆ ಮಾತ್ರ, ಎಂಟು ಗಂಟೆಗೆ. ನೇರ ಆಚೆಗಲ್ಲ, ಹಳದಿ ತೇಲುಗುಂಡುಗಳ ಒಳಗೆ, ದಡಕ್ಕೆ ಸಮವಾಗಿ ಆಚೆ ಈಚೆ.

ಇವತ್ತು ನೀರು 21 ಡಿಗ್ರಿ. ಮೊದಲ ತಣ್ಣನೆ ಪದರ ದಾಟುವಾಗ ಉಸಿರು ಹಿಡಿಯಲಿಲ್ಲ, ಬಿಡುತ್ತಾ ಹೋದೆ. ಕೆಳಗೆ ಕಡಲಹುಲ್ಲಿನ ಮೇಲೆ ಚಿನ್ನದ ಗೆರೆಯ ಮೀನುಗಳ ಹಿಂಡು ಮೇಯುತ್ತಿತ್ತು, ಥೇಟ್ ದನಗಳ ಹಾಗೆ. ಎಣಿಕೆ ಎರಡು ಸಲ ತಪ್ಪಿತು, ತಪ್ಪಿದ ಸುತ್ತು ಬಿಟ್ಟು ಲೆಕ್ಕ ಹಾಕಿದರೆ 780.

ತಿಂಗಳು ಮುಗಿಯಲು ಇನ್ನೊಂದೇ ವಾರಾಂತ್ಯ ಬಾಕಿ. ಗುರುವಾರದಿಂದ ಮಿಸ್ಟ್ರಲ್ ಅಂತೆ.